ಚಲನೆಯನ್ನು ಅಳೆದ ಗೆಲಿಲಿಯೊ

ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಚಲನೆಯದೊಂದು. ಆ ಪಾಠದ ಆರಂಭದಲ್ಲಿಯೇ ದೂರ, ಸ್ಥಾನಪಲ್ಲಟ ಎಂಬ ಎರಡು ಮಾತುಗಳು ಬರುತ್ತವೆ. ನಡೆದ ಹಾದಿಯ ಒಟ್ಟು ಉದ್ದವೇ ದೂರ. ಹೊರಟ ಸ್ಥಳದಿಂದ ತಲುಪಿದ ಸ್ಥಳಕ್ಕೆ ಎಳೆದ ನೇರವಾದ ಗೆರೆ, ಅದರ ದಿಕ್ಕಿನೊಡನೆ ಹೇಳಿದಾಗ, ಸ್ಥಾನಪಲ್ಲಟ. ಗುಡಿಯ ಸುತ್ತ ಪ್ರದಕ್ಷಿಣೆ ಮುಗಿಸಿದ ಭಕ್ತನು ನೂರು ಹೆಜ್ಜೆ ನಡೆದಿದ್ದರೂ, ಹೊರಟ ಬಾಗಿಲಿಗೇ ಮರಳಿದ್ದರಿಂದ ಅವನ ಸ್ಥಾನಪಲ್ಲಟ ಸೊನ್ನೆ. ಪುಣ್ಯದ ಲೆಕ್ಕ ಬೇರೆ!

ಇಷ್ಟು ಸರಳವಾದ ಸಂಗತಿಗೆ ಇಷ್ಟೊಂದು ಕಟ್ಟುನಿಟ್ಟಿನ ವ್ಯಾಖ್ಯೆಗಳೇಕೆ ಎಂದು ವಿದ್ಯಾರ್ಥಿಗಳಿಗೆ ತೋರುವುದು ಸಹಜ. ನಾನು ಇತಿಹಾಸದ ವಿದ್ಯಾರ್ಥಿ. ವ್ಯಾಖ್ಯೆಗಿಂತಲೂ ಅದರ ಹಿಂದೆ ನಿಂತ ಮನುಷ್ಯನ ಕಡೆಗೆ ನನ್ನ ಗಮನ ಹರಿಯುತ್ತದೆ. ದೂರ, ಸ್ಥಾನಪಲ್ಲಟಗಳನ್ನು ಇಂದಿನ ರೀತಿಯಲ್ಲಿ ಬೇರ್ಪಡಿಸಿ ಹೇಳಿದ್ದು ಮುಂದಿನ ಕಾಲದವರು. ಆದರೆ ಚಲನೆಯ ಮಾತೆತ್ತುವ ಮೊದಲು ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಅಳೆದು ಹೇಳಬೇಕೆಂಬ ಶಿಸ್ತನ್ನು ಲೋಕಕ್ಕೆ ಕಲಿಸಿದವರಲ್ಲಿ ಇಟಲಿಯ ಗೆಲಿಲಿಯೊ ಗೆಲಿಲಿ ಅಗ್ರಗಣ್ಯನು. ಆ ಶಿಸ್ತಿಗಾಗಿ ಅವನು ತೆತ್ತ ಬೆಲೆಯೂ ದೊಡ್ಡದು.

ಗೆಲಿಲಿಯೊ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಪೀಸಾ ನಗರದಲ್ಲಿ. ತಂದೆ ವಿನ್ಚೆಂಜೊ ಸಂಗೀತಗಾರ. ತಂತಿಗಳ ಬಿಗಿತಕ್ಕೂ ಸ್ವರಕ್ಕೂ ಇರುವ ಸಂಬಂಧವನ್ನು ಹಳೆಯ ಗ್ರಂಥಗಳಿಂದ ತಿಳಿದು ಸುಮ್ಮನಾಗದೆ, ತಂತಿಗೆ ಭಾರ ಕಟ್ಟಿ ತಾನೇ ಪರೀಕ್ಷಿಸಿ ನೋಡಿದವನು. ಆ ಗುಣ ಮಗನಿಗೂ ಬಂದಿತೆನ್ನಬೇಕು. ತಂದೆಯ ಇಚ್ಛೆಯಂತೆ ಗೆಲಿಲಿಯೊ 1581ರಲ್ಲಿ ವೈದ್ಯಶಾಸ್ತ್ರ ಓದಲು ಪೀಸಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಗಣಿತದ ರುಚಿ ಹತ್ತಿದ ಮೇಲೆ ವೈದ್ಯಶಾಸ್ತ್ರ ರುಚಿಸಲಿಲ್ಲ. 1585ರಲ್ಲಿ ಪದವಿಯಿಲ್ಲದೆಯೇ ಹೊರಬಂದನು. ಪದವಿಯಿಲ್ಲದ ಅದೇ ತರುಣನು 1589ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕನಾದನು. ವರ್ಷಕ್ಕೆ 60 ಸ್ಕೂದಿಗಳ ಅಲ್ಪ ವೇತನ. 1591ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರವೂ ಹೆಗಲಿಗೆ ಬಿತ್ತು.

ಆ ಕಾಲದ ವಿಶ್ವವಿದ್ಯಾನಿಲಯಗಳಲ್ಲಿ ಅರಿಸ್ಟಾಟಲನ ಮಾತೇ ಪ್ರಮಾಣ. ಕಲ್ಲು ಏಕೆ ಬೀಳುತ್ತದೆ? ಅದರ ಸಹಜ ಸ್ಥಾನ ಭೂಮಿಯ ಕೇಂದ್ರವಾದ್ದರಿಂದ. ಭಾರವಾದ ಕಲ್ಲು ಹಗುರವಾದ ಕಲ್ಲಿಗಿಂತ ಭಾರಕ್ಕೆ ತಕ್ಕಷ್ಟು ಬೇಗ ಬೀಳುತ್ತದೆ. ಹೀಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಹೇಗೆ ಬೀಳುತ್ತದೆಂದು ಅಳೆದು ನೋಡುವ ಗೋಜಿಗೆ ಹೋದವರು ವಿರಳ. ಗೆಲಿಲಿಯೊ ಪೀಸಾದ ವಾಲುಗೋಪುರವನ್ನೇರಿ ಎರಡು ಗುಂಡುಗಳನ್ನು ಕೆಳಕ್ಕೆ ಬಿಟ್ಟನೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ಬರೆದಿಟ್ಟವನು ಅವನ ಮುಪ್ಪಿನ ಕಾಲದ ಶಿಷ್ಯ ವಿವಿಯಾನಿ. ಅದು ನಡೆದದ್ದೇ ಹೌದೇ ಎಂಬ ವಿಷಯದಲ್ಲಿ ಇತಿಹಾಸಕಾರರಿಗೆ ಸಂದೇಹವಿದೆ. ನನ್ನ ಮಟ್ಟಿಗೆ, ಸಂದೇಹಕ್ಕೆಡೆಯಿಲ್ಲದ ಅವನ ಕೆಲಸವು ಈ ಕಥೆಗಿಂತಲೂ ಸ್ವಾರಸ್ಯವಾದುದು.

ಆ ಕೆಲಸ ನಡೆದದ್ದು ಪಾಡುವಾದಲ್ಲಿ. 1592ರಿಂದ 18 ವರ್ಷ ಅವನು ಅಲ್ಲಿ ಅಧ್ಯಾಪಕನಾಗಿದ್ದನು. ನೇರವಾಗಿ ಬೀಳುವ ಗುಂಡು ಕಣ್ಣೆವೆಯಿಕ್ಕುವಷ್ಟರಲ್ಲಿ ನೆಲ ಮುಟ್ಟುತ್ತದೆ, ಅಳೆಯುವುದೆಂತು? ಆದ್ದರಿಂದ ಅವನು ಬೀಳುವುದನ್ನೇ ನಿಧಾನಗೊಳಿಸಿದನು. ಸುಮಾರು 12 ಮೊಳ ಉದ್ದದ ಮರದ ತೊಲೆಯಲ್ಲಿ ನೇರವಾದ ಗಾಡಿ ಕೊರೆದು, ಅದನ್ನು ನುಣುಪು ಮಾಡಿ, ಒಳಗೆ ಚರ್ಮಪತ್ರ ಅಂಟಿಸಿ, ತೊಲೆಯ ಒಂದು ತುದಿಯನ್ನು ತುಸು ಎತ್ತಿ, ಕಂಚಿನ ಗುಂಡನ್ನು ಉರುಳಬಿಟ್ಟನು. ಇನ್ನು ಹೊತ್ತನ್ನು ಅಳೆಯಬೇಕಲ್ಲ? ಲೋಲಕದ ಗಡಿಯಾರ ಬಂದದ್ದು 1656ರಲ್ಲಿ. ಅವನು ನೀರು ತುಂಬಿದ ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ನಳಿಗೆಯನ್ನು ಜೋಡಿಸಿ, ಗುಂಡು ಉರುಳುವಷ್ಟು ಹೊತ್ತು ಹರಿದ ನೀರನ್ನು ಹಿಡಿದು ತಕ್ಕಡಿಯಲ್ಲಿ ತೂಗಿದನು. ನೀರಿನ ತೂಕವೇ ಕಾಲದ ಅಳತೆ! ನೂರು ಸಲ ಮಾಡಿ ನೋಡಿದೆನೆಂದು ಅವನೇ ಬರೆದಿದ್ದಾನೆ.

ದೊರೆತ ಫಲವಾದರೂ ಎಂಥದು! ಮೊದಲ ಗಳಿಗೆಯಲ್ಲಿ ಗುಂಡು ಒಂದು ಪಾಲು ಸಾಗಿದರೆ, ಅಷ್ಟೇ ಹೊತ್ತಿನ ಎರಡನೆಯ ಗಳಿಗೆಯಲ್ಲಿ 3 ಪಾಲು, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7. ಕೂಡಿಸುತ್ತ ಹೋದರೆ 1, 4, 9, 16. ಅಂದರೆ ಸಾಗಿದ ದೂರವು ಕಾಲದ ವರ್ಗಕ್ಕೆ ಅನುಗುಣವಾಗಿದೆ. ಕಾರಣವನ್ನು ಹುಡುಕುವಾಗ ಅವನೂ ಎಡವಿದನು. 1604ರಲ್ಲಿ, ಬೀಳುವ ವಸ್ತುವಿನ ವೇಗವು ಸಾಗಿದ ದೂರಕ್ಕೆ ತಕ್ಕಂತೆ ಬೆಳೆಯುತ್ತದೆಂದು ಸ್ನೇಹಿತನೊಬ್ಬನಿಗೆ ಕಾಗದ ಬರೆದನು. ಅದು ತಪ್ಪು. ಮುಂದೆ ತಾನೇ ತಿದ್ದಿಕೊಂಡು, ವೇಗವು ಬೆಳೆಯುವುದು ಕಳೆದ ಕಾಲಕ್ಕೆ ತಕ್ಕಂತೆ ಎಂದು ನಿಶ್ಚಯಿಸಿದನು. ಇಂದು ನಾವು ವೇಗೋತ್ಕರ್ಷವೆನ್ನುವುದರ ಬೀಜ ಇಲ್ಲಿದೆ.

ಮೇಜಿನ ಅಂಚಿನಿಂದ ಉರುಳಿಬಿದ್ದ ಗುಂಡು ನೆಲದ ಮೇಲೆ ಎಷ್ಟು ಮುಂದೆ ಹೋಗಿ ಬೀಳುತ್ತದೆಂಬುದನ್ನೂ ಅವನು ಅಳೆದನು. ಗುಂಡು ಅಡ್ಡಕ್ಕೆ ಒಂದೇ ಸಮನಾಗಿ ಸಾಗುತ್ತದೆ. ಕೆಳಕ್ಕೆ ಬೀಳುವುದು ಮಾತ್ರ ಗಳಿಗೆಯಿಂದ ಗಳಿಗೆಗೆ ಹೆಚ್ಚುತ್ತದೆ. ಎರಡು ಚಲನೆಗಳು ಒಂದನ್ನೊಂದು ಕೆಡಿಸದೆ ಕೂಡಿಕೊಂಡು ಪರವಲಯವೆಂಬ ಬಾಗಿದ ಹಾದಿಯಾಗುತ್ತದೆ. ಹಾದಿ ಬಾಗಿದ್ದರೂ ಅಡ್ಡ ಮತ್ತು ಕೆಳಗು ಎಂಬ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟು ಕೂಡಿಸಬಹುದೆಂಬ ಈ ಉಪಾಯವಿಲ್ಲದೆ ಇಂದಿನ ಸ್ಥಾನಪಲ್ಲಟದ ಪಾಠವೇ ಇಲ್ಲ.

1609ರಲ್ಲಿ ದೂರದರ್ಶಕ ಅವನ ಕೈಗೆ ಬಂದಿತು. 1610ರ ಜನವರಿಯಲ್ಲಿ ಗುರುಗ್ರಹವನ್ನು ಸುತ್ತುವ ಉಪಗ್ರಹಗಳನ್ನು ಕಂಡನು. ಕೀರ್ತಿ ಹಬ್ಬಿತು. ಅದೇ ವರ್ಷ ಫ್ಲಾರೆನ್ಸಿನ ಅರಸನ ಆಶ್ರಯಕ್ಕೆ ಬಂದನು. ಭೂಮಿ ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸನ ಮತವನ್ನು ಅವನು ಬಹಿರಂಗವಾಗಿ ಎತ್ತಿಹಿಡಿದದ್ದು ಇಲ್ಲಿಂದ ಮುಂದೆ.

ಈ ಮತಕ್ಕೆ ಪಂಡಿತರು ಒಡ್ಡಿದ ಆಕ್ಷೇಪವು ಸಾಮಾನ್ಯವಾದುದಲ್ಲ. ಭೂಮಿ ತಿರುಗುವುದಾದರೆ ಗೋಪುರದಿಂದ ಬಿಟ್ಟ ಕಲ್ಲು ಬುಡದಲ್ಲಿಯೇ ಏಕೆ ಬೀಳಬೇಕು? ಹಿಂದೆ ಉಳಿದು ದೂರ ಬೀಳಬೇಡವೇ? 1632ರಲ್ಲಿ ಪ್ರಕಟವಾದ ತನ್ನ ಸಂವಾದ ಗ್ರಂಥದಲ್ಲಿ ಗೆಲಿಲಿಯೊ ಇದಕ್ಕೆ ಹಡಗಿನ ದೃಷ್ಟಾಂತದಿಂದ ಉತ್ತರ ಕೊಟ್ಟನು. ಒಂದೇ ಸಮನೆ ಸಾಗುವ ಹಡಗಿನ ಒಳಕೋಣೆಯಲ್ಲಿ ತೊಟ್ಟಿಕ್ಕುವ ನೀರು ನೇರ ಕೆಳಗಿನ ಪಾತ್ರೆಗೇ ಬೀಳುತ್ತದೆ, ಚಿಟ್ಟೆಗಳು ಎಲ್ಲ ಕಡೆಗೂ ಸಮನಾಗಿ ಹಾರುತ್ತವೆ. ಒಳಗಿದ್ದವನಿಗೆ ಹಡಗು ನಿಂತಿದೆಯೋ ಸಾಗಿದೆಯೋ ತಿಳಿಯದು. ಇದಕ್ಕಿಂತಲೂ ಸುಂದರವಾದ ದೃಷ್ಟಾಂತ ಮತ್ತೊಂದಿದೆ. ವೆನಿಸ್ಸಿನಿಂದ ಅಲೆಗ್ಸಾಂಡ್ರೆಟ್ಟಾ ಬಂದರಿಗೆ ಹೋಗುವ ಹಡಗಿನಲ್ಲಿ ಚಿತ್ರಕಾರನೊಬ್ಬನು ಲೇಖನಿ ಹಿಡಿದು ಮನೆ, ಮರ, ಪ್ರಾಣಿಗಳನ್ನು ಬರೆಯುತ್ತಾನೆಂದು ಇಟ್ಟುಕೊಳ್ಳಿ. ಸಮುದ್ರಕ್ಕೆ ಹೋಲಿಸಿದರೆ ಲೇಖನಿಯ ಮೊನೆ ಎಳೆದದ್ದು ಸಾವಿರಾರು ಮೈಲಿಯ ಒಂದೇ ಉದ್ದನೆಯ ಗೆರೆ. ಚಿತ್ರದ ವಕ್ರತೆಗಳೆಲ್ಲ ಅದರಲ್ಲಿ ಕಾಣದಷ್ಟು ಸಣ್ಣ ನಡುಕ. ಕಾಗದದ ಮೇಲಾದರೋ ಉಳಿದದ್ದು ಚಿತ್ರ ಮಾತ್ರ. ಎರಡೂ ಸುಳ್ಳಲ್ಲ. ಎಲ್ಲಿ ನಿಂತು ಅಳೆಯುತ್ತೀರಿ ಎಂಬುದನ್ನು ಮೊದಲು ಹೇಳಬೇಕು, ಅಷ್ಟೆ. ದೂರವಾಗಲಿ ಸ್ಥಾನಪಲ್ಲಟವಾಗಲಿ ಈ ಆಧಾರವಿಲ್ಲದೆ ಬರಿಯ ಅಂಕೆ.

ಆದರೆ ತಾವು ನಿಂತ ನೆಲವೇ ನಿಶ್ಚಲವಾದ ಆಧಾರವೆಂದು ನಂಬಿದ್ದವರಿಗೆ ಈ ಮಾತು ಸಹಿಸಲಿಲ್ಲ. ಕೊಪರ್ನಿಕಸನ ಮತವನ್ನು ಎತ್ತಿಹಿಡಿಯಕೂಡದೆಂದು ರೋಮಿನ ಧರ್ಮಾಧಿಕಾರಿಗಳು 1616ರಲ್ಲಿಯೇ ಅವನಿಗೆ ಎಚ್ಚರಿಕೆ ಕೊಟ್ಟಿದ್ದರು. ನ್ಯಾಯವಾಗಿ ಹೇಳುವುದಾದರೆ, ಭೂಮಿಯ ಚಲನೆಗೆ ಸಮುದ್ರದ ಭರತ ಇಳಿತಗಳೇ ಸಾಕ್ಷಿಯೆಂದು ಅವನು ಮಂಡಿಸಿದ ವಾದ ತಪ್ಪಾಗಿತ್ತು. ಸಂಪೂರ್ಣವಾದ ಪ್ರಮಾಣ ಅವನ ಬಳಿಯಲ್ಲಿರಲಿಲ್ಲ. ಆದರೆ ಅವನನ್ನು ಎದುರಿಸಿದ್ದು ವಾದದಿಂದಲ್ಲ, ಅಧಿಕಾರದಿಂದ. 1633ರ ಜೂನ್ 22ರಂದು, 69 ವರ್ಷದ ಆ ವೃದ್ಧನು ರೋಮಿನಲ್ಲಿ ಮೊಣಕಾಲೂರಿ ತನ್ನ ಮತವನ್ನು ತೊರೆದೆನೆಂದು ಓದಿ ಹೇಳಬೇಕಾಯಿತು. ಗ್ರಂಥಕ್ಕೆ ನಿಷೇಧ, ಕರ್ತನಿಗೆ ಬಂಧನ.

ಕೆಲವು ತಿಂಗಳು ಸಿಯೇನಾದಲ್ಲಿದ್ದು, ಆ ವರ್ಷದ ಡಿಸೆಂಬರಿನಲ್ಲಿ ಫ್ಲಾರೆನ್ಸಿನ ಹೊರಗಿನ ಆರ್ಚೆತ್ರಿಯ ತನ್ನ ಮನೆಗೆ ಬಂದನು. ಅಂದಿನಿಂದ ಆ ಮನೆಯೇ ಸೆರೆಮನೆ. ಹತ್ತಿರದ ಸಂನ್ಯಾಸಿನಿಯರ ಮಠದಲ್ಲಿ ಅವನ ಹಿರಿಯ ಮಗಳು ಮರಿಯಾ ಚೆಲೆಸ್ತೆ ಇದ್ದಳು. ಶಿಕ್ಷೆಯ ಅಂಗವಾಗಿ ತಂದೆಯು ವಾರಕ್ಕೊಮ್ಮೆ ಪಠಿಸಬೇಕಾಗಿದ್ದ ಪ್ರಾಯಶ್ಚಿತ್ತದ ಕೀರ್ತನೆಗಳನ್ನು ತಾನೇ ಪಠಿಸುವೆನೆಂದು ವಹಿಸಿಕೊಂಡ ಮಗಳು ಅವಳು. 1634ರ ಏಪ್ರಿಲಿನಲ್ಲಿ, 33ನೆಯ ವಯಸ್ಸಿನಲ್ಲಿ, ಅವಳೂ ತೀರಿಕೊಂಡಳು. ಅನಂತರ ಕಣ್ಣು ಮಂಜಾಯಿತು. 1638ರ ವೇಳೆಗೆ ಪೂರ್ಣ ಕುರುಡು.

ಆದರೂ ಅವನು ಕೆಲಸ ಬಿಡಲಿಲ್ಲ. ಪಾಡುವಾದ ಹಳೆಯ ಟಿಪ್ಪಣಿಗಳನ್ನು ತೆರೆದು, ಉರುಳುವ ಗುಂಡು, ನೀರಿನ ತೂಕ, ಪರವಲಯ ಎಲ್ಲವನ್ನೂ ಕ್ರಮಪಡಿಸಿ ಹೊಸ ಗ್ರಂಥವನ್ನು ರಚಿಸಿದನು. ಇಟಲಿಯಲ್ಲಿ ಅಚ್ಚು ಮಾಡುವಂತಿರಲಿಲ್ಲ. ಹಸ್ತಪ್ರತಿ ಹಾಲೆಂಡಿಗೆ ಸಾಗಿ 1638ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾಯಿತು. ಎರಡು ಹೊಸ ವಿಜ್ಞಾನಗಳನ್ನು ಕುರಿತ ಆ ಗ್ರಂಥದಲ್ಲಿ ಒಂದು ವಿಜ್ಞಾನ ಚಲನೆಯದು. ಇಂದಿನ ಪಠ್ಯಪುಸ್ತಕದ ಆ ಮೊದಲ ಪಾಠದ ಮೂಲವನ್ನು ಹುಡುಕಿ ಹೋದರೆ, ಹೊಸ್ತಿಲು ದಾಟುವ ಸ್ವಾತಂತ್ರ್ಯವಿಲ್ಲದಿದ್ದ ಮುದುಕನ ಕೋಣೆಯನ್ನು ತಲುಪುತ್ತೇವೆ.

1642ರ ಜನವರಿ 8ರಂದು ಅವನು ಆರ್ಚೆತ್ರಿಯಲ್ಲಿಯೇ ಕಣ್ಮುಚ್ಚಿದನು. ಗೌರವದ ಸಮಾಧಿ ದೊರೆತದ್ದು 1737ರಲ್ಲಿ. ಅವನ ವಿಚಾರಣೆಯಲ್ಲಿ ತಪ್ಪು ನಡೆಯಿತೆಂದು ಪೋಪ್ ಎರಡನೆಯ ಜಾನ್ ಪಾಲರು ಒಪ್ಪಿಕೊಂಡದ್ದು 1992ರಲ್ಲಿ.

ಭೂಪಟ ತೆರೆದು ನಾನೊಂದು ಗೆರೆ ಎಳೆದು ನೋಡಿದೆ. ಹುಟ್ಟಿದ ಪೀಸಾದಿಂದ ಸತ್ತ ಆರ್ಚೆತ್ರಿಗೆ ನೇರವಾಗಿ ಸುಮಾರು 70 ಕಿಲೋಮೀಟರು. 77 ವರ್ಷಗಳ ಬಾಳಿನ ಸ್ಥಾನಪಲ್ಲಟ ಇಷ್ಟೆ. ನಡುವೆ ಪಾಡುವಾ ಇದೆ, ವೆನಿಸ್ ಇದೆ, ಆರು ಸಲ ಹೋಗಿಬಂದ ರೋಮ್ ಇದೆ. ಆ ದೂರವನ್ನು ಗೆರೆ ತೋರಿಸುವುದಿಲ್ಲ. ಮನುಷ್ಯನ ಬಾಳನ್ನು ಎರಡು ಕೊನೆಗಳಿಂದಲೇ ಅಳೆಯುವ ಅಭ್ಯಾಸ ನಮ್ಮಲ್ಲಿದೆ: ಎಲ್ಲಿ ಹುಟ್ಟಿದ, ಯಾವ ಹುದ್ದೆಗೆ ಏರಿದ, ಎಷ್ಟು ಬಿಟ್ಟು ಹೋದ. ಸ್ಥಾನಪಲ್ಲಟವೂ ಒಂದು ಅಳತೆಯೇ, ಸುಳ್ಳಲ್ಲ. ಆದರೆ ಇತಿಹಾಸವನ್ನು ಓದುವವರಿಗೆ ನಡೆದ ಹಾದಿಯ ಲೆಕ್ಕವೂ ಬೇಕು.