ಇಸಬೆಲ್ಲಾ ಥೋಬರ್ನ್: ಶಿಕ್ಷಕಿಯ ಸ್ವಾಯತ್ತತೆ ಮತ್ತು ಕಲ್ಯಾಣ ಸೀಮೆಯ ಸ್ತ್ರೀಶಿಕ್ಷಣದ ಹಿನ್ನೆಲೆ

ಕನ್ನಡದಲ್ಲಿ ಮಿಷನರಿ ಅಧ್ಯಯನವೆಂದೊಡನೆ ಬಾಸೆಲ್ ಮಿಷನ್, ಮೋಗ್ಲಿಂಗರು ೧೮೪೩ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ೧೮೯೪ರಲ್ಲಿ ಪ್ರಕಟವಾದ ಕಿಟೆಲರ ನಿಘಂಟು ನೆನಪಾಗುತ್ತವೆ. ಮುದ್ರಿತ ಕೃತಿಯನ್ನೇ ಸಾಧನೆಯ ಅಳತೆಗೋಲನ್ನಾಗಿಸಿಕೊಂಡ ಈ ಚರಿತ್ರೆಯ ಅಂಚಿನಲ್ಲಿ ಎರಡು ಸಂಗತಿಗಳು ಉಳಿದುಬಿಟ್ಟಿವೆ. ಒಂದು, ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಸೀಮೆಯ ಬಸವಕಲ್ಯಾಣ, ಹುಮನಾಬಾದಗಳಂತಹ ಊರುಗಳು. ಇನ್ನೊಂದು, ನಿಘಂಟನ್ನಾಗಲಿ ವ್ಯಾಕರಣವನ್ನಾಗಲಿ ರಚಿಸದೆ ಶಾಲೆಗಳನ್ನು ಕಟ್ಟಿದ ಶಿಕ್ಷಕಿಯರು. ಬೀದರ ಸೀಮೆಯಲ್ಲಿ ಬೇರೂರಿದ್ದು ಬಾಸೆಲ್ ಮಿಷನ್ ಅಲ್ಲ, ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ. ಆ ಸಭೆಯ ಮಹಿಳಾ ವಿದೇಶಿ ಮಿಷನರಿ ಸಂಘವು ಭಾರತಕ್ಕೆ ಕಳುಹಿಸಿದ ಮೊದಲ ಶಿಕ್ಷಕಿ ಇಸಬೆಲ್ಲಾ ಥೋಬರ್ನ್. ಅವರ ಕಾರ್ಯಕ್ಷೇತ್ರ ಲಖನೌ ಆಗಿದ್ದರೂ, ಕಲ್ಯಾಣ ಸೀಮೆಯ ಸ್ತ್ರೀಶಿಕ್ಷಣದ ಹಿನ್ನೆಲೆಯನ್ನು ಅರಿಯಲು ಅವರ ಜೀವನದ ಪರಿಚಯ ಅವಶ್ಯಕವಾಗಿದೆ.

ಇಸಬೆಲ್ಲಾ ಜನಿಸಿದ್ದು ೧೮೪೦ರ ಮಾರ್ಚ್ ೨೯ರಂದು, ಒಹಾಯೋ ರಾಜ್ಯದ ಸೇಂಟ್ ಕ್ಲೇರ್ಸ್‌ವಿಲ್‌ನಲ್ಲಿ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದವರು. ಹತ್ತರ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ವ್ಹೀಲಿಂಗ್‌ನ ಮಹಿಳಾ ವಿದ್ಯಾಲಯದಲ್ಲಿ ಕಲಿತು, ಹದಿಹರೆಯದಲ್ಲಿಯೇ ಅಧ್ಯಾಪಕ ವೃತ್ತಿಯನ್ನು ಆರಂಭಿಸಿದರು. ಭಾರತದಲ್ಲಿದ್ದ ಅಣ್ಣ ಜೇಮ್ಸ್ ಥೋಬರ್ನ್, ಪರದೆಯ ಹಿಂದಿನ ಹೆಣ್ಣುಮಕ್ಕಳನ್ನು ಪುರುಷ ಮಿಷನರಿಗಳು ತಲುಪಲಾರರೆಂಬುದನ್ನು ಕಂಡುಕೊಂಡು ತಂಗಿಯನ್ನು ಆಹ್ವಾನಿಸಿದರು. ಆದರೆ ಅವಿವಾಹಿತ ಸ್ತ್ರೀಯನ್ನು ಸ್ವತಂತ್ರವಾಗಿ ಕಳುಹಿಸುವ ವ್ಯವಸ್ಥೆ ಅವರ ಸಭೆಯಲ್ಲಿರಲಿಲ್ಲ. ೧೮೬೯ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಮಹಿಳೆಯರು ಮೇಲೆ ಹೇಳಿದ ಸಂಘವನ್ನು ಸ್ಥಾಪಿಸಿದಾಗಲೇ ಆ ದಾರಿ ತೆರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ವೈದ್ಯೆ ಕ್ಲಾರಾ ಸ್ವೇನ್ ಅವರೊಡನೆ ಹೊರಟ ಇಸಬೆಲ್ಲಾ ೧೮೭೦ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದರು.

ಆರಂಭದ ದಿನಗಳಲ್ಲಿ ಅಣ್ಣ ತನ್ನ ಪತ್ರಗಳನ್ನು ನಕಲು ಮಾಡಿಕೊಡುವಂತೆ ತಂಗಿಗೆ ಹೇಳುತ್ತಿದ್ದರು. ಆಕೆಯ ಕಾಲವೂ ತನ್ನ ಕಾಲದಷ್ಟೇ ಬೆಲೆಯುಳ್ಳದ್ದು, ಆಕೆಯ ಕೆಲಸ ತನ್ನ ಕೆಲಸದ ಬಾಲಂಗೋಚಿಯಲ್ಲ ಎಂಬುದು ಬಹುಬೇಗ ಅವರಿಗೆ ಮನವರಿಕೆಯಾಯಿತು. ಸಣ್ಣದೆಂದು ತೋರುವ ಈ ಪ್ರಸಂಗದಲ್ಲಿ ಇಸಬೆಲ್ಲಾ ಅವರ ಜೀವನದ ಮೂಲ ಪ್ರಶ್ನೆಯೇ ಅಡಗಿದೆ. ಹೆಣ್ಣಿನ ದುಡಿಮೆ ಸಹಾಯಕ ದುಡಿಮೆಯೋ, ಸ್ವಾಯತ್ತ ದುಡಿಮೆಯೋ ಎಂಬುದೇ ಆ ಪ್ರಶ್ನೆ.

೧೮೭೦ರ ಏಪ್ರಿಲ್‌ನಲ್ಲಿ ಲಖನೌದ ಅಮೀನಾಬಾದ್ ಬಜಾರಿನ ಒಂದು ಕೋಣೆಯಲ್ಲಿ ಆರು ಬಾಲಕಿಯರೊಂದಿಗೆ ಅವರ ಶಾಲೆ ಆರಂಭವಾಯಿತು. ವಿರೋಧದ ಭಯದಿಂದ ದೊಣ್ಣೆ ಹಿಡಿದ ಹುಡುಗನೊಬ್ಬನನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಬೇಕಾಗಿತ್ತು. ಮುಂದೆ ಶಾಲೆ ಲಾಲ್‌ಬಾಗಿಗೆ ಸ್ಥಳಾಂತರಗೊಂಡು ವಸತಿಶಾಲೆಯಾಗಿ ಬೆಳೆಯಿತು. ವಿದ್ಯಾರ್ಥಿನಿಯೊಬ್ಬಳ ವಿಧವೆ ತಾಯಿ, ಮಗಳನ್ನು ಕಲ್ಕತ್ತೆಗೆ ಕಳುಹಿಸುವುದಕ್ಕಿಂತ ಇಲ್ಲಿಯೇ ಕಾಲೇಜು ತೆರೆಯಲೆಂದು ಐನೂರು ರೂಪಾಯಿ ನೀಡಲು ಮುಂದೆ ಬಂದುದು ಉನ್ನತ ಶಿಕ್ಷಣದ ಆಲೋಚನೆಗೆ ಬಲ ನೀಡಿತು. ೧೮೮೬ರಲ್ಲಿ ಕಾಲೇಜು ತರಗತಿಗಳು ಆರಂಭವಾದವು. ಅನಾರೋಗ್ಯದ ನಿಮಿತ್ತ ಸ್ವದೇಶಕ್ಕೆ ಮರಳಿದ ಅವರು ಅಲ್ಲಿಯೂ ಶಿಕಾಗೋ, ಸಿನ್ಸಿನಾಟಿಗಳಲ್ಲಿ ಸೇವಾವ್ರತಿ ಮಹಿಳೆಯರ ತರಬೇತಿಯಲ್ಲಿ ತೊಡಗಿ, ೧೮೯೧ರಲ್ಲಿ ಲಖನೌಗೆ ಹಿಂದಿರುಗಿದರು.

ಇಸಬೆಲ್ಲಾ ಅವರ ಶಿಕ್ಷಣಕಾರ್ಯ ಧರ್ಮಪ್ರಸಾರದಿಂದ ಬೇರೆಯಾಗಿರಲಿಲ್ಲ. ಅದನ್ನು ಮರೆಮಾಚಿ ನೋಡುವುದು ಚರಿತ್ರೆಗೆ ಅಪಚಾರವಾದೀತು. ಆದರೆ ಓದುಬರಹ ಬಲ್ಲ ಬೋಧಕನ ಹೆಂಡತಿಯನ್ನು ಸಿದ್ಧಪಡಿಸಿದರೆ ಸಾಕೆಂಬ ಮಿತಿಯನ್ನು ಅವರು ಒಪ್ಪಲಿಲ್ಲ. ಭಾರತೀಯ ಸ್ತ್ರೀಯೇ ಭಾರತೀಯ ಸ್ತ್ರೀಯರ ಶಿಕ್ಷಕಿಯಾಗಬೇಕೆಂಬುದು ಅವರ ನಿಲುವಾಗಿತ್ತು. ಅವರ ಶಿಷ್ಯೆ ಲೀಲಾವತಿ ಸಿಂಗ್ ಅದೇ ಕಾಲೇಜಿನ ಅಧ್ಯಾಪಕಿಯಾದರು. ೧೯೦೦ರಲ್ಲಿ ನ್ಯೂಯಾರ್ಕಿನ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಗುರುಶಿಷ್ಯೆಯರಿಬ್ಬರೂ ಪಾಲ್ಗೊಂಡಿದ್ದರು. ಲೀಲಾವತಿಯವರು ಅಲ್ಲಿ ಉನ್ನತ ಶಿಕ್ಷಣದ ಪರವಾಗಿ ಮಾತನಾಡಿದರು. ಮರುವರ್ಷ, ೧೯೦೧ರ ಸೆಪ್ಟೆಂಬರ್ ೧ರಂದು ಇಸಬೆಲ್ಲಾ ಲಖನೌದಲ್ಲಿ ಕಾಲರಾ ಬೇನೆಗೆ ತುತ್ತಾದರು. ಅವರ ಮರಣಾನಂತರ ಕಾಲೇಜಿಗೆ ಅವರ ಹೆಸರನ್ನೇ ಇಡಲಾಯಿತು.

ಇಸಬೆಲ್ಲಾ ಅವರನ್ನು ಕಳುಹಿಸಿದ ಸಭೆಯ ಕಾರ್ಯ ಕನ್ನಡ ನಾಡಿಗೂ ಹಬ್ಬಿತು. ೧೮೭೬-೭೮ರ ಬರಗಾಲದಲ್ಲಿ ಕೋಲಾರದ ಅನಾಥ ಮಕ್ಕಳಿಗಾಗಿ ಮಿಸ್ ಆನ್‌ಸ್ಟೀ ನಡೆಸಿದ ಕಾರ್ಯವನ್ನು ೧೮೯೦ರಲ್ಲಿ ಅದು ವಹಿಸಿಕೊಂಡಿತು. ೧೯೧೦ರಲ್ಲಿ ಅಲ್ಲಿಯೇ ಸ್ಥಾಪಿತವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು ಇಸಬೆಲ್ಲಾ ಅವರ ಅಕ್ಕನ ಹೆಸರನ್ನು ಹೊತ್ತಿದೆ. ಉತ್ತರದಲ್ಲಿ ಬೀದರವನ್ನು ಕೇಂದ್ರವಾಗಿಸಿಕೊಂಡು ಅದೇ ಸಭೆ ಬೆಳೆಯಿತು. ಹುಮನಾಬಾದ, ಬಸವಕಲ್ಯಾಣಗಳಲ್ಲಿ ಇಂದಿಗೂ ಮೆಥಡಿಸ್ಟ್ ಸಭೆಗಳಿವೆ.

ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಶರಣ ಚಳವಳಿಗೆ ಹನ್ನೆರಡನೆಯ ಶತಮಾನದ ಕಲ್ಯಾಣವೇ ಕೇಂದ್ರವಾಗಿತ್ತು. ಕಾಯಕದಲ್ಲಿ ಹೆಣ್ಣುಗಂಡೆಂಬ ಭೇದವಿಲ್ಲವೆಂದ ಆ ಪರಂಪರೆಗೂ ಅಮೆರಿಕದ ಈ ಶಿಕ್ಷಕಿಗೂ ನೇರ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಆದರೆ ಬರೆದ ಸ್ತ್ರೀಯರ ಚರಿತ್ರೆಯನ್ನು ಹೆಮ್ಮೆಯಿಂದ ಕಟ್ಟಿಕೊಂಡ ಕನ್ನಡ ಸಂಶೋಧನೆ, ಬರೆಯಲು ಕಲಿಸಿದ ಸ್ತ್ರೀಯರ ಚರಿತ್ರೆಯನ್ನೂ ಕಟ್ಟಬೇಕಾಗಿದೆ. ಅದಕ್ಕೆ ಆಕರಗಳು ಗ್ರಂಥಗಳಲ್ಲ. ಶಾಲೆಯ ದಾಖಲಾತಿ ಪುಸ್ತಕಗಳು, ಮಿಷನ್ನಿನ ವಾರ್ಷಿಕ ವರದಿಗಳು, ವಸತಿಶಾಲೆಗಳಲ್ಲಿ ಓದಿ ಶಿಕ್ಷಕಿಯರಾದವರ ಮನೆತನಗಳ ನೆನಪುಗಳು. ಬೀದರ ಸೀಮೆಯಲ್ಲಿ ಈ ಕ್ಷೇತ್ರಕಾರ್ಯ ನಡೆದಾಗ ಕನ್ನಡದ ಮಿಷನರಿ ಅಧ್ಯಯನ ನಿಘಂಟಿನ ಆಚೆಗೂ ವಿಸ್ತರಿಸಲು ಸಾಧ್ಯವಾಗುತ್ತದೆ.