ಎತ್ತಿಗೂ ನೀರು ಕಳಿಸಿದ ರಾಣಿ: ಅಹಲ್ಯಾಬಾಯಿ ಹೋಳ್ಕರ್ ಮತ್ತು ಆಕೆಯ 'ಖಾಸಗಿ' ಖಜಾನೆ

ಮಹೇಶ್ವರದ ಸುತ್ತಲ ಹೊಲಗಳಲ್ಲಿ ರೈತ ಉಳುಮೆ ಮಾಡ್ತಾ ಇದ್ದಾಗ ಒಬ್ಬ ಆಳು ಬಂದು ನೇಗಿಲು ನಿಲ್ಲಿಸುತ್ತಿದ್ದ. ತೆರಿಗೆ ಕೇಳೋಕಲ್ಲ, ಜಪ್ತಿ ಮಾಡೋಕೂ ಅಲ್ಲ. ಅವನು ತಂದಿರುತ್ತಿದ್ದದ್ದು ಎತ್ತುಗಳಿಗೆ ಕುಡಿಯುವ ನೀರು. ಅರಮನೆಯಿಂದ ಕಳಿಸಿದ್ದು. ಎತ್ತು ಕುಡಿದ ಮೇಲೆ ಉಳುಮೆ ಮತ್ತೆ ಶುರು. ರೈತ ಮಾತ್ರ ಬೆರಗಾಗಿ ನೋಡ್ತಾ ನಿಲ್ಲುತ್ತಿದ್ದ.

ಇದನ್ನು ಬರೆದಿಟ್ಟವರು ಆಸ್ಥಾನದ ಹೊಗಳುಭಟರಲ್ಲ. ಹೋಳ್ಕರ್ ಸೇನೆಯನ್ನು ಸೋಲಿಸಿ ಮಾಳವಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ. ಅಹಲ್ಯಾಬಾಯಿ ತೀರಿಕೊಂಡು ಇಪ್ಪತ್ತು ಚಿಲ್ಲರೆ ವರ್ಷಗಳಾಗಿದ್ದವು. ಆಕೆಯನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ಊರೂರಲ್ಲಿ ಕೇಳಿದಾಗ ಎಲ್ಲರೂ ಹೊಗಳುವುದನ್ನು ಕಂಡು ಮಾಲ್ಕಂಗೇ ಅನುಮಾನ ಬಂತು. ಬೇರೆ ಬೇರೆಯವರನ್ನು ಕೇಳಿ ತಾಳೆ ನೋಡಿದ ಮೇಲೆಯೇ ಅವರು 1823ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ಇವನ್ನೆಲ್ಲ ಸೇರಿಸಿದ್ದು.

ಪ್ರತಿ ವರ್ಷ ಮೇ 31ಕ್ಕೆ ಅಹಲ್ಯಾಬಾಯಿ ಜಯಂತಿ. ಧನಗರ ಸಮಾಜದವರಿಗೆ ಈ ಹೆಸರು ಮನೆಮಾತು. ಕಾಶಿ ವಿಶ್ವನಾಥನ ಗುಡಿಯನ್ನು 1780ರಲ್ಲಿ ಮತ್ತೆ ಕಟ್ಟಿಸಿದವಳು ಅಂತ ಉಳಿದವರಿಗೂ ಗೊತ್ತು. ಗುಡಿಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಬಾವಿ, ಕುಂಡ, ಘಾಟು, ಅರವಟ್ಟಿಗೆ ಇವುಗಳ ಲೆಕ್ಕ, ಅದರಲ್ಲೂ ಅದಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವ ವಿಷಯ, ಜಯಂತಿ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರಲ್ಲ.

ಕುರಿಗಾಹಿ ಮನೆತನ

ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ, ಮಹಾರಾಷ್ಟ್ರದ ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ಹಿಂದೆ ಅಹಮದ್‌ನಗರ ಅಂತಿದ್ದ ಆ ಜಿಲ್ಲೆಗೆ ಈಗ ಆಕೆಯದೇ ಹೆಸರು, ಅಹಿಲ್ಯಾನಗರ. ತಂದೆ ಮಾಣಕೋಜಿ ಶಿಂಧೆ. ಎಂಟು ವರ್ಷದ ಹುಡುಗಿಯನ್ನು ಮಲ್ಹಾರರಾವ್ ಹೋಳ್ಕರ್ ತಮ್ಮ ಮಗ ಖಂಡೇರಾವ್‌ಗೆ ತಂದುಕೊಂಡರು. ಮಲ್ಹಾರರಾವ್ ಕೂಡ ಕುರಿ ಕಾಯುವ ಮನೆಯಿಂದಲೇ ಬಂದವರು. ಪೇಶ್ವೆಯ ಸೇನೆ ಸೇರಿ, ಕತ್ತಿಯ ಬಲದಿಂದ ಮಾಳವದಲ್ಲಿ ಜಹಗೀರು ಸಂಪಾದಿಸಿದವರು.

1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಫಿರಂಗಿ ಗುಂಡಿಗೆ ಖಂಡೇರಾವ್ ಬಲಿಯಾದ. ಸಹಗಮನಕ್ಕೆ ಹೊರಟ ಸೊಸೆಯನ್ನು ಮಾವನೇ ಬೇಡಿಕೊಂಡು ತಡೆದರು. ಆಮೇಲೆ ರಾಜ್ಯದ ಕೆಲಸವನ್ನು ಒಂದೊಂದಾಗಿ ಕಲಿಸಿದರು. 1766ರಲ್ಲಿ ಮಾವ ಹೋದರು. ಮರುವರ್ಷವೇ ಮಗ ಮಾಲೇರಾವ್ ಕೂಡ ಹೋದ. ಮನೆಯಲ್ಲಿ ಗಂಡಸರು ಅಂತ ಯಾರೂ ಉಳಿಯಲಿಲ್ಲ.

ಇಂಥ ಹೊತ್ತಿಗೆ ಏನಾಗುತ್ತೆ ಅಂತ ಆಸ್ತಿ ಇರುವ ಮನೆಯವರಿಗೆ ಹೇಳಬೇಕಾಗಿಲ್ಲ. ದಿವಾನ ಗಂಗಾಧರ ಯಶವಂತ, ಒಂದು ಮಗುವನ್ನು ದತ್ತು ತಗೊಂಡು ಅಧಿಕಾರ ತನ್ನ ಕೈಗೆ ಬಿಡುವಂತೆ ಸೂಚಿಸಿದ. ಒಪ್ಪದಿದ್ದಾಗ ಪೇಶ್ವೆ ಮನೆತನದ ರಘುನಾಥರಾವ್‌ನನ್ನು ಕರೆತಂದ. ಅಹಲ್ಯಾಬಾಯಿ ಸೈನ್ಯ ಸಜ್ಜು ಮಾಡಿದರು, ಸುತ್ತಲಿನ ಮರಾಠ ಸರದಾರರಿಗೆ ಓಲೆ ಕಳಿಸಿದರು. ಹೆಂಗಸಿನ ಮೇಲೆ ದಂಡೆತ್ತಿ ಗೆದ್ದರೂ ಹೆಸರಿಲ್ಲ, ಸೋತರಂತೂ ಮುಖವಿಲ್ಲ ಅನ್ನೋದು ರಘುನಾಥರಾವ್‌ಗೂ ಅರ್ಥವಾಯಿತು. ದುಃಖ ವಿಚಾರಿಸಲು ಬಂದೆ ಅಂತ ಹೇಳಿ ವಾಪಸಾದ. ಪೇಶ್ವೆ ಮಾಧವರಾವ್ ಆಕೆಯ ಪರವಾಗಿಯೇ ನಿಂತರು. ಸೇನೆಯ ಹೊಣೆಯನ್ನು ತುಕೋಜಿರಾವ್ ಹೋಳ್ಕರ್‌ಗೆ ಒಪ್ಪಿಸಿ, ಆಡಳಿತವನ್ನು ತಾವೇ ಇಟ್ಟುಕೊಂಡು, ನರ್ಮದೆಯ ದಡದ ಮಹೇಶ್ವರವನ್ನು ರಾಜಧಾನಿ ಮಾಡಿಕೊಂಡರು. ಮುಂದೆ 1795ರವರೆಗೆ, ಹತ್ತಿರ ಹತ್ತಿರ ಮೂವತ್ತು ವರ್ಷ ಆಳಿದರು.

ದೌಲತ್ತು ಬೇರೆ, ಖಾಸಗಿ ಬೇರೆ

ಹೋಳ್ಕರ್ ಮನೆಯಲ್ಲಿ ಎರಡು ಖಜಾನೆ ಇದ್ದವು. ಒಂದು ದೌಲತ್, ಅಂದರೆ ರಾಜ್ಯದ ಬೊಕ್ಕಸ. ಸೈನಿಕರ ಸಂಬಳ, ಯುದ್ಧದ ಖರ್ಚು, ಪೇಶ್ವೆಗೆ ಕೊಡಬೇಕಾದ ಪಾಲು ಎಲ್ಲ ಅದರಿಂದ. ಇನ್ನೊಂದು ಖಾಸಗಿ. ಕನ್ನಡದಲ್ಲಿ ದಿನಾ ಬಳಸುವ ಅದೇ 'ಖಾಸಗಿ' ಪದ. ದೌಲತ್ತು ಅನ್ನೋದು ಕನ್ನಡಕ್ಕೆ ಬಂದು ಜಂಬಕ್ಕೆ ಇನ್ನೊಂದು ಹೆಸರಾಯ್ತು, ಅದು ಬೇರೆ ಮಾತು.

ಖಾಸಗಿಯ ಮೂಲ ಹೆಣ್ಣುಮಕ್ಕಳ ಆಸ್ತಿ. 1734ರಲ್ಲಿ ಪೇಶ್ವೆ ಒಂದನೇ ಬಾಜಿರಾವ್, ಮಲ್ಹಾರರಾವ್ ಅವರ ಹೆಂಡತಿ ಗೌತಮಾಬಾಯಿ ಹೆಸರಿಗೆ ವರ್ಷಕ್ಕೆ ಸುಮಾರು 3 ಲಕ್ಷ ರೂಪಾಯಿ ಹುಟ್ಟುವ ಊರುಗಳನ್ನು ಪ್ರತ್ಯೇಕವಾಗಿ ಬರೆದುಕೊಟ್ಟರು. ಗಂಡ ಯುದ್ಧದಲ್ಲಿ ಗೆದ್ದರೂ ಸೋತರೂ ಆ ಆದಾಯ ಮನೆಯೊಡತಿಯದು. ಅತ್ತೆಯಿಂದ ಅದು ಸೊಸೆಗೆ ಬಂತು. ಅಹಲ್ಯಾಬಾಯಿ ಕಾಲದಲ್ಲಿ ಖಾಸಗಿ ಜಮೀನುಗಳ ಹುಟ್ಟುವಳಿ ವರ್ಷಕ್ಕೆ 4 ಲಕ್ಷದಷ್ಟಿತ್ತು, ಮಾವನಿಂದ ಬಂದ ಭಂಡಾರ 2 ಕೋಟಿಯಷ್ಟಿತ್ತು ಅಂತ ಮಾಲ್ಕಂ ಹೇಳ್ತಾರೆ. ಆ ಭಂಡಾರದ ಮೇಲೆ ತುಳಸಿ ದಳ ಇಟ್ಟು, ನೀರು ಬಿಟ್ಟು, ಎಲ್ಲವನ್ನೂ ಧರ್ಮಕ್ಕೆ ಧಾರೆ ಎರೆದರಂತೆ. ಆಮೇಲೆ ರಘುನಾಥರಾವ್ ಅದರಲ್ಲಿ ಪಾಲು ಕೇಳಿದಾಗ, ಬ್ರಾಹ್ಮಣನಾಗಿ ದಾನ ಅಂತ ಕೈಯೊಡ್ಡಿದರೆ ಕೊಡಬಹುದು, ಬೇರೆ ದಾರಿ ಇಲ್ಲ ಎಂದು ತಿಳಿಸಿದರು ಅನ್ನೋ ಕಥೆ ಮಾಳವದಲ್ಲಿ ಇವತ್ತಿಗೂ ಹೇಳ್ತಾರೆ.

ಅಂಗಡಿ ನಡೆಸುವವರಿಗೆ ಇದರ ಬೆಲೆ ಬೇಗ ತಿಳಿಯುತ್ತೆ. ಗಲ್ಲಾಪೆಟ್ಟಿಗೆಯ ದುಡ್ಡು ಬೇರೆ, ಮನೆ ದುಡ್ಡು ಬೇರೆ ಅಂತ ಇಡದ ವ್ಯಾಪಾರ ಎಷ್ಟು ದಿನ ನಡೆದೀತು? ಬಾವಿ ತೋಡಿಸಲು ಪ್ರಜೆಗಳ ಮೇಲೆ ಹೊಸ ತೆರಿಗೆ ಹಾಕಬೇಕಾಗಲಿಲ್ಲ. ಯುದ್ಧ ಬಂತು ಅಂತ ಅರವಟ್ಟಿಗೆ ಮುಚ್ಚಬೇಕಾಗಲಿಲ್ಲ. ಹಾಗಂತ ಎಲ್ಲ ಸಲೀಸಾಗಿ ನಡೀತು ಅಂತಲೂ ಅಲ್ಲ. ದೂರದ ದಂಡಯಾತ್ರೆಗಳಲ್ಲಿ ಇದ್ದ ತುಕೋಜಿರಾವ್‌ಗೆ ಸದಾ ಹಣದ ಮುಗ್ಗಟ್ಟು. ಇವರಿಬ್ಬರ ನಡುವೆ ದುಡ್ಡಿನ ಜಗ್ಗಾಟ ವರ್ಷಗಟ್ಟಲೆ ನಡೆಯಿತು.

ನೀರಿನ ದಾನ

ಬೇಸಿಗೆ ಬಂದರೆ ದಾರಿಗಳಲ್ಲಿ ದಾರಿಹೋಕರಿಗೆ ನೀರು ಕೊಡಲು ಆಳುಗಳನ್ನು ನಿಲ್ಲಿಸುತ್ತಿದ್ದರು. ಏಪ್ರಿಲ್ ಬಂದಾಗ ಅಂಗಡಿ ಮುಂದೆ ಮಡಕೆ ಇಟ್ಟು ಲೋಟ ಕಟ್ಟುವ ಅರವಟ್ಟಿಗೆಯೇ ಅದು. ವ್ಯತ್ಯಾಸ ಏನಂದರೆ ಅಲ್ಲಿ ಮಡಕೆ ತುಂಬಿಸೋದು ಒಬ್ಬನ ಸಂಬಳದ ಕೆಲಸ. ಎರಡು ದಿನ ಫೋಟೊ ತೆಗೆಸಿ ಮೂರನೇ ದಿನಕ್ಕೆ ಖಾಲಿ ಮಡಕೆ ಅನ್ನೋ ಹಾಗಿರಲಿಲ್ಲ. ಚಳಿಗಾಲಕ್ಕೆ ಬಡವರಿಗೆ, ಕೈಲಾಗದವರಿಗೆ ಬಟ್ಟೆ. ನದಿಯ ಮೀನುಗಳಿಗೂ ಪಾಲು ಇತ್ತು. ಬೆಳೆ ತಿನ್ನಲು ಬಂದ ಹಕ್ಕಿಗಳನ್ನು ರೈತರು ಓಡಿಸುತ್ತಾರೆ, ಅದರಲ್ಲಿ ರೈತರ ತಪ್ಪೇನೂ ಇಲ್ಲ. ಅದಕ್ಕೇ ಬೆಳೆದು ನಿಂತ ಹೊಲಗಳನ್ನೇ ದುಡ್ಡು ಕೊಟ್ಟು ತಗೊಂಡು ಹಕ್ಕಿಗಳಿಗೆ ಬಿಟ್ಟುಬಿಟ್ಟರು. ಹಕ್ಕಿಗೂ ಹೊಟ್ಟೆ ತುಂಬಿತು, ರೈತನಿಗೂ ನಷ್ಟವಾಗಲಿಲ್ಲ.

ಕಟ್ಟಡಗಳ ಪಟ್ಟಿ ಉದ್ದ ಇದೆ. ಮಹೇಶ್ವರದಲ್ಲಿ ನರ್ಮದೆಗೆ ಇಳಿಯುವ ಕಲ್ಲಿನ ಘಾಟುಗಳು. ಕಾಶಿಯಲ್ಲಿ ಮಣಿಕರ್ಣಿಕಾ ಘಾಟಿನ ಕೆಲಸ. ಎಲ್ಲೋರ ಹತ್ತಿರದ ವೆರೂಳಿನಲ್ಲಿ, ನಾಲ್ಕೂ ಕಡೆಯಿಂದ ಮೆಟ್ಟಿಲಿಳಿಯುವ ಶಿವಾಲಯ ತೀರ್ಥದ ಕುಂಡ. ವಿಂಧ್ಯದ ಜಾಮ್ ಘಾಟಿಯಲ್ಲಿ ಕಡಿದಾದ ಬೆಟ್ಟ ಕಡಿದು ರಸ್ತೆ. ದಾನಗಳ ಪಟ್ಟಿಯಲ್ಲಿ ಉತ್ತರ ಕನ್ನಡದ ಗೋಕರ್ಣದ ಹೆಸರೂ ಇದೆ. 1818ರಲ್ಲಿ ಕೇದಾರದ ಕಡೆ ಹೋಗಿದ್ದ ಒಬ್ಬ ಬ್ರಿಟಿಷ್ ಸೇನಾಧಿಕಾರಿ, ಮನುಷ್ಯರ ಸುಳಿವೇ ಇಲ್ಲದ ಎತ್ತರದಲ್ಲಿ ಯಾತ್ರಿಕರಿಗಾಗಿ ಕಟ್ಟಿದ ಗಟ್ಟಿಮುಟ್ಟಾದ ಕಲ್ಲಿನ ಛತ್ರ ಮತ್ತು ನೀರಿನ ಕುಂಡವನ್ನು ಕಂಡಿದ್ದ. ಯಾರು ಕಟ್ಟಿಸಿದ್ದು ಅಂತ ಕೇಳಿದರೆ ಅಲ್ಲಿಯೂ ಇದೇ ಹೆಸರು.

ಇವುಗಳಲ್ಲಿ ಬಹುಪಾಲು ಹೋಳ್ಕರ್ ಸೀಮೆಯ ಹೊರಗಿದ್ದವು. ಕೇದಾರದ ಜನ ಆಕೆಗೆ ಕಂದಾಯ ಕಟ್ಟೋರಲ್ಲ, ರಾಮೇಶ್ವರದವರೂ ಅಲ್ಲ. ವೋಟಿನ ಕಾಲವಂತೂ ಅಲ್ಲವೇ ಅಲ್ಲ.

ಕಟ್ಟಿಸಿದ್ದಕ್ಕಿಂತ ಮುಖ್ಯ, ಕಟ್ಟಿಸಿ ಬಿಟ್ಟು ಹೋಗಲಿಲ್ಲ ಅನ್ನೋದು. ದೂರದ ಕ್ಷೇತ್ರಗಳಲ್ಲಿ ನೋಡಿಕೊಳ್ಳೋಕೆ ಜನ ಇಟ್ಟು, ವರ್ಷ ವರ್ಷ ಖರ್ಚಿಗೆ ಇಂತಿಷ್ಟು ಅಂತ ಹಣ ಕಳಿಸುತ್ತಿದ್ದರು. ಆ ಕಾಲದಲ್ಲಿ ಅಷ್ಟು ದೂರಕ್ಕೆ ಹಣ ಹೋಗುತ್ತಿದ್ದದ್ದು ಸಾಹುಕಾರರ ಹುಂಡಿಗಳ ಮೂಲಕ. ಬಾವಿ ತೋಡಿಸೋದು ಒಂದು ಸಲದ ಖರ್ಚು. ಹೂಳು ತೆಗೆಸೋದು, ಜಾರಿದ ಕಲ್ಲು ಕೂರಿಸೋದು, ಕುಂಡಕ್ಕೆ ಕಸ ಬೀಳದಂತೆ ಕಾಯೋದು ಪ್ರತಿ ವರ್ಷದ ಖರ್ಚು. ಮೊದಲನೆಯದಕ್ಕೆ ದಾನಿಗಳು ಯಾವಾಗಲೂ ಸಿಗ್ತಾರೆ, ಕಲ್ಲಿನ ಮೇಲೆ ಹೆಸರು ಬರುತ್ತೆ. ಎರಡನೆಯದಕ್ಕೆ ಕಲ್ಲಿಲ್ಲ, ಹೆಸರಿಲ್ಲ. ಬಾಗಿನ ಬಿಟ್ಟ ವರ್ಷ ನೆನಪಾಗಿ, ಆಮೇಲೆ ಹೂಳು ತುಂಬಿಕೊಂಡ ಕೆರೆ ಯಾವ ತಾಲ್ಲೂಕಿನಲ್ಲಿ ಇಲ್ಲ?

ವ್ಯಾಪಾರಸ್ಥರ ಹಣ

ಮಕ್ಕಳಿಲ್ಲದೆ ಸತ್ತ ಸಾಹುಕಾರನ ಆಸ್ತಿ ಸರ್ಕಾರಕ್ಕೆ ಅನ್ನೋದು ಆಗ ಅನೇಕ ಸಂಸ್ಥಾನಗಳ ರೂಢಿ. ಸಿರೋಂಜ್‌ನಲ್ಲಿ ಒಬ್ಬ ದೊಡ್ಡ ಲೇವಾದೇವಿಗಾರ ಹಾಗೆ ತೀರಿಕೊಂಡಾಗ, ದತ್ತು ಒಪ್ಪಬೇಕಾದರೆ 3 ಲಕ್ಷ ಕೊಡಬೇಕು ಅಂತ ಅಲ್ಲಿನ ಅಧಿಕಾರಿ ಪಟ್ಟು ಹಿಡಿದ. ವಿಧವೆ ನೇರವಾಗಿ ಮಹೇಶ್ವರಕ್ಕೆ ಬಂದಳು. ಅಹಲ್ಯಾಬಾಯಿ ಅಧಿಕಾರಿಯನ್ನು ಮನೆಗೆ ಕಳಿಸಿದರು, ದತ್ತು ಒಪ್ಪಿದರು, ಕಾಣಿಕೆಯನ್ನೂ ಮುಟ್ಟಲಿಲ್ಲ.

ಖರ್ಗೋಣದ ಇಬ್ಬರು ಸಾಹುಕಾರ ಸಹೋದರರು ವಾರಸುದಾರರಿಲ್ಲದೆ ಹೋದಾಗ ಮಾತ್ರ ಕಥೆ ಬೇರೆ ದಿಕ್ಕಿಗೆ ತಿರುಗಿತು. ಮನೆಯ ವಿಧವೆ ಆಸ್ತಿಯನ್ನೆಲ್ಲ ರಾಣಿಗೇ ಒಪ್ಪಿಸಲು ಬಂದಳು. ಆಕೆ ತಗೊಳ್ಳಲಿಲ್ಲ. ನಿನ್ನೂರಿಗೇ ಉಪಯೋಗವಾಗುವಂತೆ ಖರ್ಚು ಮಾಡು ಅಂತ ವಾಪಸ್ ಕಳಿಸಿದರು. ಆ ಹಣದಲ್ಲಿ ಖರ್ಗೋಣದ ಹೊಳೆಗೆ ಘಾಟು ಆಯಿತು, ಒಂದು ಗಣಪತಿ ಗುಡಿ ಆಯಿತು.

ದಾರಿಗಳ್ಳತನದ ವಿಷಯದಲ್ಲೂ ಇಂಥದೇ ಬುದ್ಧಿ. ಬೆಟ್ಟದ ಭಿಲ್ಲರು ಸರಕಿನ ಗಾಡಿಗಳಿಂದ ವಸೂಲಿ ಮಾಡುತ್ತಿದ್ದ ಹಳೆಯ ಸುಂಕವನ್ನು ಹಕ್ಕು ಅಂತಲೇ ಒಪ್ಪಿಕೊಂಡರು. ಬದಲಿಗೆ ಆ ದಾರಿಯಲ್ಲಿ ಕಳ್ಳತನವಾದರೆ ಭಿಲ್ಲರೇ ಹೊಣೆ ಅಂತ ಕರಾರು ಮಾಡಿಸಿದರು. ಇಂದೋರ್ ಎಂಬ ಹಳ್ಳಿ ಪೇಟೆಯಾಗಿ ಬೆಳೆದದ್ದು ಈ ನೆಮ್ಮದಿಯ ವರ್ಷಗಳಲ್ಲೇ. ಮಹೇಶ್ವರಕ್ಕೆ ನೇಕಾರರನ್ನು ಕರೆಸಿ ನೆಲೆ ಕೊಟ್ಟರು. ಮಹೇಶ್ವರಿ ಸೀರೆ ಬಟ್ಟೆ ಅಂಗಡಿಗಳಲ್ಲಿ ಈಗಲೂ ಓಡುತ್ತೆ.

ಮನೆಯೊಳಗೆ ಮಾತ್ರ ಸುಖ ಕಾಣಲಿಲ್ಲ. ಮೊಮ್ಮಗ ಸತ್ತ, ಅಳಿಯ ಸತ್ತ, ಮಗಳು ಮುಕ್ತಾಬಾಯಿ ಗಂಡನ ಚಿತೆ ಏರಿದಳು. ಮಗಳನ್ನು ತಡೆಯಲು ತಾಯಿ ಗೋಗರೆದರೂ ಆಗಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಮಾವನ ಮಾತಿಗೆ ತಾವು ನಿಂತಿದ್ದರು, ಮಗಳು ಇವರ ಮಾತಿಗೆ ನಿಲ್ಲಲಿಲ್ಲ. 1795ರ ಆಗಸ್ಟ್ 13ರಂದು, 70ನೇ ವಯಸ್ಸಿನಲ್ಲಿ, ಮಹೇಶ್ವರದಲ್ಲೇ ತೀರಿಕೊಂಡರು.

ಆಮೇಲೆ ಆ ಹಣ ಏನಾಯ್ತು?

ಎರಡೇ ವರ್ಷಕ್ಕೆ ತುಕೋಜಿಯೂ ಹೋದರು. ಗದ್ದುಗೆ ಜಗಳ, ಯುದ್ಧ, ಲೂಟಿಯಲ್ಲಿ ಭಂಡಾರ ಕರಗಿತು. ಆದರೆ ಖಾಸಗಿ ಆದಾಯ ಬೇರೆ ಅನ್ನುವ ಪದ್ಧತಿ ಉಳಿಯಿತು. ಬ್ರಿಟಿಷರ ಕಾಲದಲ್ಲೂ ಇಂದೋರ್ ಸಂಸ್ಥಾನದಲ್ಲಿ ಅದರ ಲೆಕ್ಕ ಪ್ರತ್ಯೇಕ.

1948ರಲ್ಲಿ ಸಂಸ್ಥಾನ ಮಧ್ಯಭಾರತಕ್ಕೆ ಸೇರಿದಾಗ ಖಾಸಗಿ ಜಮೀನು, ಆದಾಯ ಎಲ್ಲ ಸರ್ಕಾರದ ಪಾಲಾಯಿತು. ಅದಕ್ಕೆ ಬದಲಾಗಿ ಈ ಧರ್ಮಕಾರ್ಯಗಳಿಗೆ ಪ್ರತಿ ವರ್ಷ 2,91,952 ರೂಪಾಯಿ ಶಾಶ್ವತವಾಗಿ ತೆಗೆದಿಡಬೇಕು ಅಂತ ಒಪ್ಪಂದವಾಯಿತು. 1962ರಲ್ಲಿ ಅದರ ಉಸ್ತುವಾರಿಗೆ ಟ್ರಸ್ಟ್ ಬಂತು. ಅದರ ಪಟ್ಟಿಯಲ್ಲಿ ದೇಶದ ನಾನಾ ಕಡೆಯ 246 ಆಸ್ತಿಗಳು: ಗುಡಿ, ಘಾಟು, ಧರ್ಮಶಾಲೆ, ತೋಟ, ಕುಂಡ.

ಆ ಒಂದು ಮೊತ್ತವನ್ನೇ ಹಂಚಿ ನೋಡಿದರೆ ಒಂದು ಆಸ್ತಿಗೆ ವರ್ಷಕ್ಕೆ 1,187 ರೂಪಾಯಿ. ತಿಂಗಳಿಗೆ ನೂರು ರೂಪಾಯಿಗೂ ಕಡಿಮೆ. 1734ರಲ್ಲಿ ಅತ್ತೆ ಗೌತಮಾಬಾಯಿಗೆ ಬರೆದುಕೊಟ್ಟದ್ದೂ ಸುಮಾರು 3 ಲಕ್ಷವೇ. ಅದು ಭೂಮಿಯ ಹುಟ್ಟುವಳಿ, ಬೆಲೆ ಏರಿದಂತೆ ಏರಬಲ್ಲದ್ದು. ಇದು ಕಾಗದದ ಮೇಲೆ ನಿಂತ ಅಂಕಿ.

ಟ್ರಸ್ಟಿನ ಕೆಲವು ಆಸ್ತಿಗಳು ಪರಭಾರೆಯಾದ ವಿಷಯ ಕೋರ್ಟ್ ಮೆಟ್ಟಿಲೇರಿತು. ಹರಿದ್ವಾರದ ಕುಶಾವರ್ತ ಘಾಟ್ ಅದರಲ್ಲಿ ಮುಖ್ಯವಾದದ್ದು. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ತೀರ್ಪು ಕೊಟ್ಟಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಇದು ಸಾರ್ವಜನಿಕ ಟ್ರಸ್ಟ್, ರಾಜ್ಯದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾಗಬೇಕು ಎಂದು ಹೇಳಿ, ಹಿಂದಿನ ಪರಭಾರೆಗಳ ದಾಖಲೆಯನ್ನು ತರಿಸಿ ಪರಿಶೀಲಿಸುವಂತೆ ರಿಜಿಸ್ಟ್ರಾರ್‌ಗೆ ಸೂಚಿಸಿತು.

ಮಹೇಶ್ವರದ ಘಾಟಿನಲ್ಲಿ ಬೆಳಗಾದರೆ ಈಗಲೂ ಜನ ನರ್ಮದೆಗೆ ಇಳಿಯುತ್ತಾರೆ. ಕಲ್ಲಿನ ಮೆಟ್ಟಿಲು ಸವೆದಿದೆ, ಆದರೆ ಜಾಗ ಬಿಟ್ಟಿಲ್ಲ.