ಮಾರ್ಗರೆಟ್ ಮೆಕ್‌ಮಿಲನ್ ಅಮ್ಮನವರು

ಹಸಿದ ಹೊಟ್ಟೆಗೆ ಉಪದೇಶವು ರುಚಿಸದೆಂಬುದನ್ನು ನಮ್ಮ ಹಿರಿಯರು ಬಲ್ಲವರೇ ಆಗಿದ್ದರು. ಆದರೆ ಈ ಸಾಮಾನ್ಯವಾದ ಸತ್ಯವನ್ನು ಶಾಲೆಯ ಬಾಗಿಲೊಳಕ್ಕೆ ತಂದು, ದೇಶದ ಶಾಸನದಲ್ಲಿಯೂ ಅದಕ್ಕೆ ಸ್ಥಾನ ದೊರಕಬೇಕೆಂದು ಜೀವಮಾನವೆಲ್ಲ ದುಡಿದವರು ವಿರಳ. ಇಂಗ್ಲೆಂಡಿನಲ್ಲಿ ಸೇವೆ ಸಲ್ಲಿಸಿದ ಮಾರ್ಗರೆಟ್ ಮೆಕ್‌ಮಿಲನ್ ಅಮ್ಮನವರು ಅಂಥವರಲ್ಲೊಬ್ಬರು.

ಇವರು 1860ನೆಯ ಇಸವಿ ಜುಲೈ 20ರಂದು ಅಮೇರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ, ಸ್ಕಾಟ್ಲೆಂಡಿನಿಂದ ಹೋಗಿ ನೆಲೆಸಿದ್ದ ಕುಟುಂಬದಲ್ಲಿ ಜನಿಸಿದರು. 1865ರಲ್ಲಿ ತಂದೆಯೂ ಪುಟ್ಟ ತಂಗಿಯೂ ತೀರಿಕೊಳ್ಳಲು, ತಾಯಿಯು ಉಳಿದಿಬ್ಬರು ಹೆಣ್ಣುಮಕ್ಕಳಾದ ರೇಚಲ್ ಮತ್ತು ಮಾರ್ಗರೆಟರೊಡನೆ ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣಕ್ಕೆ ಹಿಂದಿರುಗಿದರು. ಬಾಲ್ಯದಲ್ಲಿ ಜ್ವರದಿಂದ ಕಿವುಡಾಗಿದ್ದ ಮಾರ್ಗರೆಟರಿಗೆ ಸುಮಾರು 14ನೆಯ ವಯಸ್ಸಿನಲ್ಲಿ ಶ್ರವಣಶಕ್ತಿಯು ಮರಳಿತು. ದೊಡ್ಡವರಾದ ಮೇಲೆ ಅವರು ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಕ್ರಿಸ್ತನ ಅನುಯಾಯಿಗಳು ಬಡವರ ಕಷ್ಟವನ್ನು ತಮ್ಮದೆಂದೇ ಭಾವಿಸಬೇಕೆಂಬ ವಿಚಾರವು ಅಕ್ಕತಂಗಿಯರಿಬ್ಬರನ್ನೂ ಆಕರ್ಷಿಸಿತು.

1893ರಲ್ಲಿ ಇವರು ಬ್ರಾಡ್‌ಫರ್ಡ್ ಎಂಬ ಉಣ್ಣೆ ಗಿರಣಿಗಳ ಊರಿಗೆ ಬಂದರು. ಅಲ್ಲಿ ಎಷ್ಟೋ ಮಕ್ಕಳು ಅರ್ಧ ದಿನ ಗಿರಣಿಯಲ್ಲಿ ದುಡಿದು, ಉಳಿದರ್ಧ ದಿನ ಶಾಲೆಗೆ ಬರುತ್ತಿದ್ದರು. 1894ರಲ್ಲಿ ಸ್ಕೂಲ್ ಬೋರ್ಡಿಗೆ ಸದಸ್ಯೆಯಾಗಿ ಚುನಾಯಿತರಾದ ಮಾರ್ಗರೆಟರು ಶಾಲೆಗಳನ್ನು ಸುತ್ತಿ ನೋಡಲು, ಮಂದಬುದ್ಧಿಯವರೆನಿಸಿಕೊಂಡ ಮಕ್ಕಳಲ್ಲಿ ಅನೇಕರು ವಾಸ್ತವದಲ್ಲಿ ಹಸಿದವರು, ನಿದ್ದೆಗೆಟ್ಟವರು, ಕಣ್ಣು, ಕಿವಿ, ಹಲ್ಲುಗಳ ಬೇನೆಯಿಂದ ನರಳುವವರು ಎಂಬುದು ಅವರಿಗೆ ಮನವರಿಕೆಯಾಯಿತು. ಅವರ ಪ್ರಯತ್ನದಿಂದ 1897ರಲ್ಲಿ ಅಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗಾಗಿ ಸ್ನಾನಗೃಹವು ತೆರೆಯಲ್ಪಟ್ಟಿತು. ಡಾಕ್ಟರ್ ಜೇಮ್ಸ್ ಕೆರ್ ಅವರೊಡನೆ ಸೇರಿ ಶಾಲಾಮಕ್ಕಳ ದೇಹಪರೀಕ್ಷೆಗೂ ಇವರು ದಾರಿಮಾಡಿದರು.

ಮಕ್ಕಳಿಗೆ ಉಣಿಸುವುದು ಹೆತ್ತವರ ಹೊಣೆ, ಸರಕಾರವು ಅದನ್ನು ವಹಿಸಿಕೊಂಡರೆ ಬಡವರು ಸೋಮಾರಿಗಳಾಗುವರೆಂದು ಹಲವರು ಆಕ್ಷೇಪಿಸಿದರು. ಮಗುವು ಶಾಲೆಗೆ ಬರಲೇಬೇಕೆಂದು ಕಾನೂನು ಮಾಡಿದ ಸರಕಾರವು ಆ ಮಗುವಿನ ಹಸಿವನ್ನು ಕಾಣದಂತಿರಲಾಗದು. ಉಪವಾಸವಿದ್ದ ಮಗುವಿಗೆ ಪಾಠ ಹೇಳಿಸಿದರೆ ಸಾರ್ವಜನಿಕರ ಹಣವೂ ಮಗುವಿನ ಬಾಲ್ಯವೂ ವ್ಯರ್ಥವಾಗುವುವು ಎಂಬುದು ಮಾರ್ಗರೆಟರ ವಾದವಾಗಿತ್ತು. ಇವರೂ ಇವರಂಥ ಇತರರೂ ಹೋರಾಡಿದ ಫಲವಾಗಿ, ಶಾಲೆಯಲ್ಲಿ ಊಟವೀಯಲು ಸ್ಥಳೀಯ ಅಧಿಕಾರಿಗಳಿಗೆ ಅವಕಾಶ ಕೊಡುವ ಶಾಸನವು 1906ರಲ್ಲಿಯೂ, ವೈದ್ಯಪರೀಕ್ಷೆಯನ್ನು ಕಡ್ಡಾಯಗೊಳಿಸುವ ಶಾಸನವು 1907ರಲ್ಲಿಯೂ ಅಂಗೀಕೃತವಾದುವು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. 1910ರಲ್ಲಿ ಅಕ್ಕತಂಗಿಯರು ಲಂಡನಿನ ಡೆಪ್ಟ್‌ಫರ್ಡ್ ಎಂಬ ಬಡ ಕೇರಿಯಲ್ಲಿ ಮಕ್ಕಳ ಚಿಕಿತ್ಸಾಲಯವನ್ನು ತೆರೆದರು. ಆದರೆ ಗುಣಹೊಂದಿ ಹೋದ ಮಕ್ಕಳು ಇಕ್ಕಟ್ಟಾದ, ಕತ್ತಲೆಯ ಮನೆಗಳಿಂದ ಅದೇ ಬೇನೆಯೊಡನೆ ಮರಳಿ ಬರುತ್ತಿದ್ದರು. ಇದನ್ನು ಕಂಡು 1911ರಲ್ಲಿ ಹುಡುಗಿಯರು ರಾತ್ರಿ ಬಯಲಗಾಳಿಯಲ್ಲಿ ಮಲಗಿ, ಬೆಳಿಗ್ಗೆ ಸ್ನಾನ ಉಪಾಹಾರಗಳನ್ನು ತೀರಿಸಿಕೊಂಡು ಶಾಲೆಗೆ ಹೋಗುವಂತೆ ಒಂದು ಶಿಬಿರವನ್ನು ಏರ್ಪಡಿಸಿದರು. ಬೇನೆಯು ಬೇರೂರುವ ಮೊದಲೇ ಮಗುವನ್ನು ಕಾಪಾಡಬೇಕೆಂದು 1914ರಲ್ಲಿ ಐದು ವರ್ಷದೊಳಗಿನವರಿಗಾಗಿ ಶಿಶುವಿಹಾರವನ್ನು ಸ್ಥಾಪಿಸಿದರು. ಅಲ್ಲಿ ಊಟ, ಸ್ನಾನ, ನಿದ್ರೆ, ಹೂದೋಟ, ಆಟ ಇವೆಲ್ಲವೂ ಪಾಠದ ಅಂಗಗಳೇ ಆಗಿದ್ದುವು.

1917ರಲ್ಲಿ ರೇಚಲ್ ಅಮ್ಮನವರು ದೈವಾಧೀನರಾದರು. ಬಾಳಿನ ಆಸರೆಯನ್ನೇ ಕಳೆದುಕೊಂಡರೂ ತಂಗಿಯು ಆ ವಿಹಾರಕ್ಕೆ ಅಕ್ಕನ ಹೆಸರನ್ನಿಟ್ಟು ಸೇವೆಯನ್ನು ಮುಂದುವರಿಸಿದರು. ಶಿಶುಗಳಿಗೆ ಕಲಿಸುವವರಿಗೂ ಒಳ್ಳೆಯ ಶಿಕ್ಷಣವು ಬೇಕೆಂದು ಅವರು ಕಟ್ಟಿಸಿದ, ರೇಚಲರ ಹೆಸರಿನದೇ ಆದ ಕಾಲೇಜನ್ನು 1930ರಲ್ಲಿ ಮೇರಿ ರಾಣಿಯವರು ತೆರೆದರು. ಮರುವರ್ಷ ಮಾರ್ಚ್ ತಿಂಗಳಲ್ಲಿ ಮಾರ್ಗರೆಟರೂ ಕಣ್ಮುಚ್ಚಿದರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವರು. ಪಾಠವೊಪ್ಪಿಸಲಾರದ ಹುಡುಗಿಯನ್ನು ದಡ್ಡಿಯೆಂದು ಗದರಿಸುವ ಮೊದಲು, ಆಕೆಯು ಬೆಳಿಗ್ಗೆ ಉಂಡು ಬಂದಳೇ, ರಾತ್ರಿ ನಿದ್ರಿಸಿದಳೇ, ಹಲಗೆಯ ಮೇಲಿನ ಅಕ್ಷರಗಳು ಆಕೆಗೆ ಕಾಣುತ್ತಿವೆಯೇ ಎಂದು ಅವರು ವಿಚಾರಿಸುವುದಾದರೆ, ಈ ಅಮ್ಮನವರ ಸೇವೆಯು ನಮ್ಮಲ್ಲಿಯೂ ಮುಂದುವರಿದಂತಾಗುವುದು.